ಜ್ವರ ಬಂದಾಗ, ಜ್ವರ ಬಿಟ್ಟಾಗ



ಮನೆಯಲ್ಲಿ ದೊಡ್ಡವರಿಗೆ ಜ್ವರ ಬಂದರೆ ಥರ್ಮಾಮೀಟರ್ ಹುಡುಕಿ ತರುವವರು ಸಾಮಾನ್ಯವಾಗಿ ನೀವೇ. ಅಪ್ಪನಿಗೆ ಕನ್ನಡಕವಿಲ್ಲದೆ ಅಂಕಿ ಕಾಣುವುದಿಲ್ಲ. ಅಮ್ಮನಿಗೆ ಮೈ ಸುಡುತ್ತಿದ್ದರೂ ಒಲೆಯ ಮುಂದಿನಿಂದ ಏಳಲು ಪುರುಸೊತ್ತಿಲ್ಲ. ಜತೆಗೆ ‘ಸೈನ್ಸ್ ಓದುತ್ತಿದ್ದಾನೆ, ಅವನಿಗೆ ಗೊತ್ತಿರುತ್ತದೆ’ ಎಂಬ ನಂಬಿಕೆ ಬೇರೆ. ಹಾಸ್ಟೆಲಿನಲ್ಲಾದರೆ ಇನ್ನೂ ಕಷ್ಟ. ಜ್ವರ ಬಂದ ಗೆಳೆಯನಿಗೆ ಗಂಜಿ ತಂದುಕೊಡುವವನು, ಮಾತ್ರೆ ಕೊಡುವವನು, ಆಟೋ ಕರೆಯುವವನು ಎಲ್ಲವೂ ಪಕ್ಕದ ಮಂಚದವನೇ. ಆದ್ದರಿಂದ ಇಂದು ದೊಡ್ಡವರಿಗೆ ಬರುವ ಜ್ವರದ ಬಗ್ಗೆ ಮಾತ್ರ ಹೇಳುತ್ತೇನೆ. ಎಳೆಯ ಮಕ್ಕಳ ಜ್ವರದಲ್ಲಿ ಔಷಧದ ಪ್ರಮಾಣ, ಅಪಾಯದ ಸೂಚನೆ ಎಲ್ಲವೂ ಬೇರೆ. ಅದನ್ನು ಇದರೊಂದಿಗೆ ಬೆರೆಸಬಾರದು.

ನಾನು ವೈದ್ಯನಲ್ಲ. ಬಿ.ಎಸ್ಸಿ. ಮುಗಿಸಿ ಕ್ಯಾಮೆರಾದ ಹಿಂದೆ ನಿಂತವನು. ವೈದ್ಯರನ್ನು ಸ್ಟುಡಿಯೋಗೆ ಕರೆಸಿ ವೀಕ್ಷಕರ ಪ್ರಶ್ನೆಗಳಿಗೆ ಉತ್ತರ ಕೊಡಿಸುವುದು ನನ್ನ ಕೆಲಸ. ಮಳೆಗಾಲ ಬಂತೆಂದರೆ ಫೋನ್ ಕರೆಗಳಲ್ಲಿ ಜ್ವರದ್ದೇ ಮಾತು. “ಸಾರ್, ಎಷ್ಟು ಡಿಗ್ರಿ ಬಂದರೆ ಅಪಾಯ?” ಎಂದು ಕೇಳುವವರೇ ಹೆಚ್ಚು. “ಜ್ವರ ಬಿಟ್ಟಿದೆ, ಈಗ ಏನನ್ನು ಗಮನಿಸಬೇಕು?” ಎಂದು ಕೇಳುವವರು ತೀರ ಕಡಿಮೆ. ನಮ್ಮ ಊರುಗಳಲ್ಲಿ ಇಂದು ಹರಡುತ್ತಿರುವ ಜ್ವರಗಳನ್ನು ನೋಡಿದರೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವಾದದ್ದು. ಅದಕ್ಕೆ ಉತ್ತರ ಅರ್ಥವಾಗಬೇಕಾದರೆ ಜ್ವರ ಎಂದರೇನು ಎಂಬಲ್ಲಿಂದ ಹೊರಡಬೇಕು.

ಮೊದಲು ಆ ಪ್ರಸಿದ್ಧ ಅಂಕಿ, 98.6 ಡಿಗ್ರಿ ಫ್ಯಾರನ್‌ಹೀಟ್. ಇದನ್ನು ಲೋಕಕ್ಕೆ ಕೊಟ್ಟವನು ಕಾರ್ಲ್ ವುಂಡರ್ಲಿಷ್ ಎಂಬ ಜರ್ಮನ್ ವೈದ್ಯ. ಲೈಪ್ಜಿಗ್ ನಗರದ ಆಸ್ಪತ್ರೆಯಲ್ಲಿ ಸುಮಾರು 25,000 ರೋಗಿಗಳ ಕಂಕುಳಲ್ಲಿ ಮತ್ತೆ ಮತ್ತೆ ಥರ್ಮಾಮೀಟರ್ ಇಟ್ಟು, ಲಕ್ಷಾಂತರ ಅಳತೆಗಳನ್ನು ಸೇರಿಸಿ, 1868ರಲ್ಲಿ ಒಂದು ಪುಸ್ತಕ ಬರೆದ. ಆರೋಗ್ಯವಂತನ ಮೈಶಾಖ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್ ಎಂದ. ಅವನ ಕಾಲದ ಥರ್ಮಾಮೀಟರ್ ಒಂದಡಿ ಉದ್ದದ್ದು. ಒಂದು ಸಲ ನೋಡಲು ಕಾಲು ಗಂಟೆಗೂ ಮೇಲೆ ಬೇಕಿತ್ತು. ಈ ಹೊತ್ತಿನ ಅವಸರದಲ್ಲಿ ಕೂತು ಯೋಚಿಸಿದರೆ ಆ ಮನುಷ್ಯನ ತಾಳ್ಮೆಗೆ ಕೈ ಮುಗಿಯಬೇಕು. ಜ್ವರ ಎಂಬುದೇ ಒಂದು ರೋಗವೆಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಅದು ಹಲವು ರೋಗಗಳಲ್ಲಿ ಕಾಣಿಸುವ ಒಂದು ಲಕ್ಷಣ ಎಂದು ಗಟ್ಟಿಯಾಗಿ ತೋರಿಸಿಕೊಟ್ಟವನೂ ಅವನೇ.

ಆದರೆ 98.6 ಎಂಬುದು ಗೋಡೆಗೆ ಹೊಡೆದ ಮೊಳೆಯಲ್ಲ. 1992ರಲ್ಲಿ ಅಮೆರಿಕದ ಫಿಲಿಪ್ ಮಕೋವಿಯಾಕ್ ಮತ್ತು ಸಂಗಡಿಗರು 148 ಮಂದಿ ಆರೋಗ್ಯವಂತರ ಬಾಯಿಯ ಉಷ್ಣತೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದರು. ಸರಾಸರಿ ಸಿಕ್ಕಿದ್ದು 98.2. ಬೆಳಗಿನ ಆರು ಗಂಟೆಗೆ ಅತಿ ಕಡಿಮೆ, ಸಂಜೆ ನಾಲ್ಕರಿಂದ ಆರರ ನಡುವೆ ಅತಿ ಹೆಚ್ಚು. ಸಂಜೆ 99.5 ಇದ್ದವನು ಆರೋಗ್ಯವಾಗಿಯೇ ಇರಬಹುದು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ 99.5 ಇದ್ದರೆ ಕೊಂಚ ಗಮನಿಸಬೇಕು. ಹೆಣ್ಣುಮಕ್ಕಳಲ್ಲಿ ತಿಂಗಳ ಚಕ್ರದ ಉತ್ತರಾರ್ಧದಲ್ಲಿ ಮೈಯ ಉಷ್ಣತೆ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ತಾನಾಗಿಯೇ ಏರುತ್ತದೆ. ವ್ಯವಹಾರಕ್ಕೆ ವೈದ್ಯರು ಒಂದು ಗೆರೆ ಎಳೆದುಕೊಂಡಿದ್ದಾರೆ: 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ.

ಅಳೆಯುವುದರಲ್ಲೂ ಒಂದೆರಡು ಸೂಕ್ಷ್ಮಗಳಿವೆ. ಬಿಸಿ ಕಾಫಿ ಕುಡಿದ ಕೂಡಲೇ, ತಣ್ಣೀರು ಕುಡಿದ ಕೂಡಲೇ ಬಾಯಲ್ಲಿ ಇಟ್ಟರೆ ನೀವು ಅಳೆಯುವುದು ಕಾಫಿಯ ಜ್ವರವನ್ನು. ಅರ್ಧ ಗಂಟೆ ಬಿಡಿ. ಥರ್ಮಾಮೀಟರಿನ ತುದಿ ನಾಲಗೆಯ ಕೆಳಗಿರಬೇಕು, ತುಟಿ ಮುಚ್ಚಿರಬೇಕು. ಕಂಕುಳಲ್ಲಿ ನೋಡಿದರೆ ಬಾಯಿಗಿಂತ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ಬರುತ್ತದೆ. ಬೆವರಿದ್ದರೆ ಒರೆಸಿ ಇಡಬೇಕು. 2020ರ ಕೊರೋನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಯಂತ್ರಗಳು ಚರ್ಮದ ಬಿಸಿಯನ್ನು ನೋಡುತ್ತವೆ. ಬಿಸಿಲಲ್ಲಿ ನಡೆದು ಬಂದವನಿಗೂ ಫ್ಯಾನಿನ ಕೆಳಗೆ ಕೂತವನಿಗೂ ಬೇರೆ ಬೇರೆ ಅಂಕಿ ತೋರಿಸಬಲ್ಲವು. ಮನೆಯಲ್ಲಿ ಹಳೆಯ ಪಾದರಸದ ಥರ್ಮಾಮೀಟರ್ ಇದ್ದರೆ ಕೊಡವಿ ಇಳಿಸುವಾಗ ಎಚ್ಚರ. ಒಡೆದರೆ ಆ ಬೆಳ್ಳಿ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ಆಡಬೇಡಿ. ನಮ್ಮ ಕಾಲದ ಪ್ರಯೋಗಶಾಲೆಯಲ್ಲಿ ಅದೊಂದು ಮೋಜಿನಂತಿತ್ತು, ಆದರೆ ಅದು ವಿಷ. ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಂಡಿಟ್ಟುಕೊಳ್ಳುವುದು ಉತ್ತಮ.

ಈಗ ಮುಖ್ಯವಾದ ಮಾತಿಗೆ ಬರೋಣ. ಜ್ವರದಲ್ಲಿ ಮೈ ಏಕೆ ಬಿಸಿಯಾಗುತ್ತದೆ?

ನಿಮ್ಮ ಮನೆಯ ವಿದ್ಯುತ್ ಇಸ್ತ್ರಿ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಅದರ ಮೇಲೊಂದು ತಿರುಗಿಸುವ ಗುಂಡಿ ಇದೆ. ರೇಷ್ಮೆ, ಉಣ್ಣೆ, ಹತ್ತಿ ಎಂದು ಬರೆದಿರುತ್ತದೆ. ಗುಂಡಿ ರೇಷ್ಮೆಯ ಮೇಲಿದ್ದಾಗ ಪೆಟ್ಟಿಗೆ ಅಷ್ಟು ಬಿಸಿಯಾಗಿ ನಿಂತು ದೀಪ ಆರುತ್ತದೆ. ಈಗ ಗುಂಡಿಯನ್ನು ಹತ್ತಿಗೆ ತಿರುಗಿಸಿ. ಕೂಡಲೇ ದೀಪ ಹತ್ತುತ್ತದೆ. ಕ್ಷಣದ ಹಿಂದೆ ‘ಸಾಕಷ್ಟು ಬಿಸಿ’ ಆಗಿದ್ದ ಪೆಟ್ಟಿಗೆ ಈಗ ಹೊಸ ಗುರುತಿಗೆ ಹೋಲಿಸಿದರೆ ‘ತಣ್ಣಗೆ’ ಇದೆ. ಗುರುತು ಮುಟ್ಟುವವರೆಗೆ ಒಳಗಿನ ಸುರುಳಿ ಕಾಯುತ್ತಲೇ ಇರುತ್ತದೆ.

ನಮ್ಮ ಮಿದುಳಿನ ಬುಡದಲ್ಲಿ ಹೈಪೋಥಲಮಸ್ ಎಂಬ ಭಾಗದಲ್ಲಿ ಇಂಥದೇ ಒಂದು ಗುಂಡಿ ಇದೆ ಎನ್ನೋಣ. ರೋಗಾಣು ಒಳಹೊಕ್ಕಾಗ ಅದನ್ನು ಎದುರಿಸುವ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್ ಮೊದಲಾದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಸುದ್ದಿ ಒಯ್ಯುವ ಅಂಚೆಯಾಳುಗಳು. ಸುದ್ದಿ ತಲುಪಿದ ಮೇಲೆ ಮಿದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗಿ ಗುಂಡಿ 98ರಿಂದ 102ಕ್ಕೆ ತಿರುಗುತ್ತದೆ. ಮೈ ಇನ್ನೂ 98ರಲ್ಲಿದೆ. ಗುಂಡಿ 102 ಕೇಳುತ್ತಿದೆ. ಆಗ ಮೈಗೆ ಚಳಿ ಅನ್ನಿಸುತ್ತದೆ. ಚರ್ಮದ ರಕ್ತನಾಳಗಳು ಸಂಕುಚಿಸಿ ಕೈಕಾಲು ತಣ್ಣಗಾಗುತ್ತವೆ. ಸ್ನಾಯುಗಳು ತಾವಾಗಿ ಅದುರಿ ಶಾಖ ಹುಟ್ಟಿಸುತ್ತವೆ. ಏಪ್ರಿಲ್ ತಿಂಗಳ ಬಿಸಿಲಲ್ಲೂ ಜ್ವರ ಬಂದವನು ಹಲ್ಲು ಕಟಕಟಿಸುತ್ತ ಕಂಬಳಿ ಕೇಳುವುದು ಇದರಿಂದಲೇ. ಮೈ 102 ಮುಟ್ಟಿದ ಮೇಲೆ ಚಳಿ ನಿಲ್ಲುತ್ತದೆ. ಕೆಲವು ಗಂಟೆಗಳ ಮೇಲೆ ಗುಂಡಿ ಕೆಳಗೆ ತಿರುಗಿದಾಗ ಮೈ ಹೊಸ ಗುರುತಿಗಿಂತ ಬಿಸಿಯಾಗಿರುತ್ತದೆ. ರಕ್ತನಾಳ ಹಿಗ್ಗಿ, ಬೆವರು ಕಿತ್ತು, ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ‘ಬೆವರಿದ ಮೇಲೆ ಜ್ವರ ಬಿಟ್ಟಿತು’ ಎಂದು ಹಿರಿಯರು ಹೇಳುತ್ತಾರೆ. ಶರೀರಶಾಸ್ತ್ರದ ಪ್ರಕಾರ ಗುಂಡಿ ಇಳಿದದ್ದರಿಂದ ಬೆವರು ಬಂತು. ಕಂಬಳಿ ಹೊದಿಸಿ ಬಲವಂತವಾಗಿ ಬೆವರಿಸಿದರೆ ಗುಂಡಿ ಇಳಿಯುವುದಿಲ್ಲ. ಮೈಯ ನೀರು ಮಾತ್ರ ಖರ್ಚಾಗುತ್ತದೆ. ಚಳಿ ನಡುಗಿಸುವಾಗ ಒಂದು ಹೊದಿಕೆ ಕೊಡಿ. ನಡುಕ ನಿಂತು ಮೈ ಬಿಸಿಯಾದ ಮೇಲೆ ತೆಗೆದು, ತೆಳುವಾದ ಬಟ್ಟೆ ಸಾಕು.

ಹೀಗೆ ಗುಂಡಿ ತಿರುಗಿಸುವುದರಿಂದ ಮೈಗೆ ಏನಾದರೂ ಲಾಭವಿದೆಯೆ? ಇದಕ್ಕೆ ಸೊಗಸಾದ ಉತ್ತರ ಕೊಟ್ಟದ್ದು ಒಂದು ಮರುಭೂಮಿಯ ಹಲ್ಲಿ ಜಾತಿಯ ಪ್ರಾಣಿ. ಹಲ್ಲಿಗಳು ಶೀತರಕ್ತ ಪ್ರಾಣಿಗಳು. ಮೈಯೊಳಗೆ ಶಾಖ ಹುಟ್ಟಿಸಲಾರವು, ಬಿಸಿಲಿಗೂ ನೆರಳಿಗೂ ಓಡಾಡಿ ಹೊಂದಿಸಿಕೊಳ್ಳುತ್ತವೆ. 1970ರ ದಶಕದಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಇಂಥ ಪ್ರಾಣಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿದಾಗ ಅವು ತಾವಾಗಿಯೇ ಹೆಚ್ಚು ಬಿಸಿಯಾದ ಜಾಗಕ್ಕೆ ಹೋಗಿ ಕೂತವು. ಜ್ವರ ಹುಟ್ಟಿಸಲಾರದ ಪ್ರಾಣಿ ಜ್ವರವನ್ನು ಹುಡುಕಿಕೊಂಡು ಹೋಯಿತು! 1975ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಂಕು ತಗುಲಿದವನ್ನು ತಂಪಿನಲ್ಲೇ ಕೂಡಿಹಾಕಿದಾಗ ಹೆಚ್ಚಿನವು ಸತ್ತವು. ಬಿಸಿಯಲ್ಲಿ ಬಿಟ್ಟಾಗ ಹೆಚ್ಚಿನವು ಬದುಕಿದವು. ಮಿತವಾದ ಶಾಖದಲ್ಲಿ ಬಿಳಿ ರಕ್ತಕಣಗಳು ಚುರುಕಾಗುತ್ತವೆ, ಕೆಲವು ರೋಗಾಣುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಹಾಗೆಂದು ಜ್ವರ ಪುಕ್ಕಟೆಯಲ್ಲ. ಮೈ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶರೀರದ ಇಂಧನದ ಖರ್ಚು ಶೇಕಡ 10ರಷ್ಟು ಅಥವಾ ಅದಕ್ಕೂ ಹೆಚ್ಚು ಏರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ, ನೀರು ಆವಿಯಾಗುತ್ತದೆ. ಇಪ್ಪತ್ತರ ಹುಡುಗ ಈ ಖರ್ಚನ್ನು ತಾಳಿಕೊಳ್ಳುತ್ತಾನೆ. ಹೃದಯದ ತೊಂದರೆ ಇರುವ ಎಪ್ಪತ್ತರ ಅಜ್ಜನಿಗೆ 101 ಕೂಡ ಭಾರವಾಗಬಹುದು. ಒಂದೇ ಅಂಕಿ ಇಬ್ಬರಿಗೂ ಒಂದೇ ಅರ್ಥ ಕೊಡುವುದಿಲ್ಲ.

ಆದ್ದರಿಂದ ಮಾತ್ರೆ ಕೊಡುವುದು ಅಂಕಿಯನ್ನು ಕೆಳಗಿಳಿಸಲೆಂದಲ್ಲ, ಮಲಗಿದವರ ಸಂಕಟ ಕಡಿಮೆಯಾಗಲೆಂದು. ಪ್ಯಾರಾಸಿಟಮಾಲ್ ಮಿದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನು ತಗ್ಗಿಸಿ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತದೆ. (ಆಸ್ಪಿರಿನ್ ಈ ಪ್ರೊಸ್ಟಗ್ಲಾಂಡಿನ್ ಮೂಲಕವೇ ಕೆಲಸ ಮಾಡುತ್ತದೆ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್‌ಗೆ 1982ರಲ್ಲಿ ನೊಬೆಲ್ ಬಹುಮಾನ ಬಂತು.) ರೋಗಾಣುವಿಗೆ ಪ್ಯಾರಾಸಿಟಮಾಲ್ ಏನನ್ನೂ ಮಾಡುವುದಿಲ್ಲ. ಮಾತ್ರೆ ನುಂಗಿದ ನಾಲ್ಕಾರು ಗಂಟೆಗಳ ಮೇಲೆ ಜ್ವರ ಮತ್ತೆ ಏರಿದರೆ ಮಾತ್ರೆ ಕೆಟ್ಟದ್ದೆಂದಲ್ಲ. ರೋಗ ಇನ್ನೂ ಒಳಗಿದೆ ಎಂದರ್ಥ.

ಪ್ರಮಾಣದ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 500 ಅಥವಾ 650 ಮಿಲಿಗ್ರಾಂನ ಒಂದು ಮಾತ್ರೆ, ಬೇಕಾದರೆ ಆರು ಗಂಟೆಗೊಮ್ಮೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಲೇಬಾರದು. ಅನೇಕ ವೈದ್ಯರು ಮೂರು ಗ್ರಾಂಗೇ ನಿಲ್ಲಿಸಿ ಎನ್ನುತ್ತಾರೆ. ತೀರ ಸಣಕಲು ಮೈಯವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ, ಮದ್ಯಪಾನದ ಚಟವಿರುವವರಿಗೆ ಇನ್ನೂ ಕಡಿಮೆ, ಅದೂ ವೈದ್ಯರನ್ನು ಕೇಳಿ. ಜನ ಎಡವುವುದು ಹೆಸರಿನಲ್ಲಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲವೂ ಪ್ಯಾರಾಸಿಟಮಾಲೇ. ನೆಗಡಿಗೆಂದು ಅಂಗಡಿಯಲ್ಲಿ ಕೊಡುವ ಬಣ್ಣದ ಮಾತ್ರೆಗಳಲ್ಲೂ ಅನೇಕ ವೇಳೆ ಅದು ಸೇರಿರುತ್ತದೆ. ಜ್ವರಕ್ಕೆ ಒಂದು, ಮೈಕೈ ನೋವಿಗೆ ಇನ್ನೊಂದು, ನೆಗಡಿಗೆ ಮತ್ತೊಂದು ಎಂದು ನುಂಗಿದವನು ಗೊತ್ತಿಲ್ಲದೆ ಒಂದೇ ಔಷಧವನ್ನು ಮೂರು ಪಾಲು ನುಂಗಿರುತ್ತಾನೆ. ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತನ್ನು ಹಾಳುಮಾಡುತ್ತದೆ, ಮೊದಲ ದಿನ ಏನೂ ತೋರಿಸಿಕೊಳ್ಳದೆಯೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಮನೆಯಲ್ಲಿ ಆ ಅಕ್ಷರ ಕಾಣುವಷ್ಟು ಕಣ್ಣು ಚುರುಕಾಗಿರುವವರು ನೀವೇ ತಾನೆ?

ನೀರು, ಗಂಜಿ, ತಿಳಿಸಾರು, ಮಜ್ಜಿಗೆ, ಎಳನೀರು, ಯಾವುದು ಒಳಗೆ ಇಳಿಯುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ. ವಾಂತಿ ಭೇದಿ ಇದ್ದರೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಬೇಕು. ಜ್ವರದಲ್ಲಿ ಉಪವಾಸ ಹಾಕಬೇಕೆಂಬ ಹಳೆಯ ಪದ್ಧತಿಯಲ್ಲಿ ಹಸಿವಿಲ್ಲದಾಗ ತುರುಕಬಾರದು ಎಂಬಷ್ಟು ಸತ್ಯವಿದೆ. ಹಸಿವಾದರೂ ಕೊಡಬಾರದು ಎಂಬುದರಲ್ಲಿ ಇಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದಾದರೆ ಉಗುರು ಬೆಚ್ಚಗಿನ ನೀರು ಬಳಸಿ. ಮಂಜುಗಡ್ಡೆಯ ನೀರು ಹಾಕಿದರೆ ಗುಂಡಿ ಮೇಲೇ ಇರುವುದರಿಂದ ಮೈ ಇನ್ನೂ ನಡುಗಿ ಇನ್ನಷ್ಟು ಶಾಖ ಹುಟ್ಟಿಸುತ್ತದೆ.

‘ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಾ’ ಎಂಬುದು ನಮ್ಮಲ್ಲಿ ಪ್ರೀತಿಯ ಮಾತು. ಹಾಕಿಸಿಕೊಳ್ಳದೆ ಬಂದರೆ ಡಾಕ್ಟರು ಏನೂ ಮಾಡಲಿಲ್ಲ ಎಂಬ ಅಸಮಾಧಾನ. ಆ್ಯಂಟಿಬಯಾಟಿಕ್ ವಿಷಯದಲ್ಲಿ ಈ ಅವಸರ ಹಾನಿಯನ್ನೇ ಮಾಡುತ್ತದೆ. ಹೆಚ್ಚಿನ ಜ್ವರಗಳಿಗೆ ಕಾರಣ ವೈರಸ್. ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗುವುದು ಬ್ಯಾಕ್ಟೀರಿಯಾ ಮಾತ್ರ. ಸಣ್ಣ ಪ್ರಮಾಣದ ಜ್ವರಕ್ಕೆ ಇವನ್ನು ಬಳಸಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರಲ್ಲಿ ವೈದ್ಯರಿಗೇ ತಿಳಿಸಿತು. ಇನ್ನೊಂದು ನಷ್ಟವಿದೆ. ಅದು ನಿಜವಾಗಿ ಟೈಫಾಯ್ಡ್ ಆಗಿದ್ದರೆ, ರೋಗಾಣುವನ್ನು ರಕ್ತದಿಂದ ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್ ಪರೀಕ್ಷೆ ಮಾಡಬೇಕು. ಅಂಗಡಿಯಿಂದ ತಂದು ನುಂಗಿದ ಎರಡು ಮಾತ್ರೆ ರೋಗವನ್ನು ವಾಸಿ ಮಾಡದೆ ಪರೀಕ್ಷೆಯನ್ನು ಮಾತ್ರ ಕೆಡಿಸುತ್ತದೆ.

ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆಯ ಬಿಸಿಲಲ್ಲಿ ದುಡಿದವನು ಮೈ ಕೆಂಡವಾಗಿ, ಮಾತು ತೊದಲಿ, ದಿಕ್ಕುತಪ್ಪಿದವನಂತೆ ಆಡಿದರೆ ಅದು ಜ್ವರವೇ ಅಲ್ಲ, ಬಿಸಿಲ ಹೊಡೆತ. ಅಲ್ಲಿ ಗುಂಡಿ ತಿರುಗಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನೇ ಕೆಂಡದ ಮೇಲೆ ಇಟ್ಟಂತಾಗಿದೆ. ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ತಣ್ಣೀರು ಸುರಿದು, ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಬೇಕು. ಇಲ್ಲಿ ತಣ್ಣೀರು ಸರಿ. ಸಾಮಾನ್ಯ ಜ್ವರದಲ್ಲಿ ಬೇಡವೆಂದದ್ದು ಏಕೆಂದು ಈಗ ನೀವೇ ಹೇಳಬಲ್ಲಿರಿ.

ಇನ್ನು ನಮ್ಮ ನಾಡಿನ ಜ್ವರಗಳು. ಎಲ್ಲ ಜ್ವರವೂ ಒಂದೇ ಅಲ್ಲ. ಊರು, ಕಾಲ, ಕಸುಬು ಮೂರನ್ನೂ ಕೇಳಬೇಕು. ದಿನ ಬಿಟ್ಟು ದಿನ ನಡುಗಿಸಿ ಬರುವ ಜ್ವರ ಮಲೇರಿಯಾ ಇರಬಹುದು. ಒಂದು ಹನಿ ರಕ್ತದ ಪರೀಕ್ಷೆಯಲ್ಲಿ ತಿಳಿಯುತ್ತದೆ. ಗದ್ದೆಯ ಕೆಸರಲ್ಲಿ ಕಾಲಿಟ್ಟು ದುಡಿದವರಿಗೆ ಜ್ವರದ ಜತೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಇದ್ದರೆ ಇಲಿ ಜ್ವರವನ್ನು ನೆನೆಯಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು ಕ್ಷಯದ ಸೂಚನೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಮಲೆನಾಡಿನವರಿಗೆ ಮಂಗನ ಕಾಯಿಲೆಯನ್ನು ಪರಿಚಯಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗುರುತಿಸಿದ ಈ ರೋಗಕ್ಕೆ ಲೋಕವೆಲ್ಲ ಆ ಕಾಡಿನ ಹೆಸರನ್ನೇ ಇಟ್ಟಿದೆ. ಹರಡುವುದು ಉಣುಗಿನ ಕಡಿತದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ತರಗೆಲೆಗೆ ಕಾಡಿಗೆ ಹೋಗಿ ಬಂದವರಿಗೆ ಏಕಾಏಕಿ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಬೇಕು.

ಈಗ ಡೆಂಗಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಹಗಲು ಕಚ್ಚುವ ಈಡಿಸ್ ಸೊಳ್ಳೆ, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಟೈರು, ಮುಚ್ಚದ ಡ್ರಮ್ಮು, ಇವೆಲ್ಲ ನಿಮಗೆ ಗೊತ್ತು. ನಾನು ಹೇಳಹೊರಟಿದ್ದು ಜ್ವರದ ದಿನಗಣನೆಯನ್ನು.

ಮೊದಲ ಎರಡು ಮೂರು ದಿನ ಜ್ವರ 103, 104 ಮುಟ್ಟುತ್ತದೆ. ತಲೆ ಸಿಡಿಯುತ್ತದೆ, ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಮೈಕೈ ನೋವು. ಮನೆಯವರೆಲ್ಲ ಗಾಬರಿಯಾಗಿ ಸುತ್ತ ಕೂತಿರುತ್ತಾರೆ. ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿಯುತ್ತದೆ. ಥರ್ಮಾಮೀಟರ್ 99 ತೋರಿಸುತ್ತದೆ. ಮನೆಯಲ್ಲಿ ಎಲ್ಲರೂ ಉಸಿರು ಬಿಡುತ್ತಾರೆ. ರಜೆ ಹಾಕಿದ್ದ ಅಪ್ಪ ಕೆಲಸಕ್ಕೆ ಹೊರಡುತ್ತಾರೆ, ನೀವು ಕಾಲೇಜಿಗೆ ಹೊರಡುತ್ತೀರಿ. ಹೆಚ್ಚಿನ ರೋಗಿಗಳು ನಿಜಕ್ಕೂ ಇಲ್ಲಿಂದ ಗುಣವಾಗುತ್ತಾರೆ. ಆದರೆ ಕೆಲವರಲ್ಲಿ ರೋಗದ ಅತ್ಯಂತ ಅಪಾಯದ ಘಟ್ಟ ಆರಂಭವಾಗುವುದು ಸರಿಯಾಗಿ ಈ ಹೊತ್ತಿನಲ್ಲೇ. ಸಣ್ಣ ರಕ್ತನಾಳಗಳ ಗೋಡೆ ಸೋರತೊಡಗುತ್ತದೆ. ರಕ್ತದ ನೀರಿನ ಭಾಗ ಹೊಟ್ಟೆಯ ಅವಕಾಶಕ್ಕೂ ಶ್ವಾಸಕೋಶದ ಸುತ್ತಲಿಗೂ ಜಿನುಗುತ್ತದೆ. ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿದ್ದು ಅಳತೆಯಾಗಿ ದ್ರವ ಕೊಟ್ಟರೆ ಬಹುಮಟ್ಟಿಗೆ ಎಲ್ಲರೂ ಉಳಿಯುತ್ತಾರೆ. ಮನೆಯಲ್ಲಿ ‘ಜ್ವರ ಬಿಟ್ಟಿದೆಯಲ್ಲ, ಸುಸ್ತು ಇರುವುದೇ, ಮಲಗಲಿ ಬಿಡು’ ಎಂದು ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೈಮೀರಿ ಹೋಗಬಹುದು.

ನೋಡಿದಿರಾ, ಥರ್ಮಾಮೀಟರ್ ಇಲ್ಲಿ ಸುಳ್ಳು ಹೇಳಲಿಲ್ಲ. ಗುಂಡಿ ನಿಜವಾಗಿಯೂ ಕೆಳಗಿಳಿದಿದೆ. ಸೋರುವ ರಕ್ತನಾಳವನ್ನು ಅಳೆಯುವ ಸಾಧನ ಅದಲ್ಲ, ಅಷ್ಟೆ.

ಹಾಗಾದರೆ ಆ ಎರಡು ದಿನ ಏನನ್ನು ನೋಡಬೇಕು? ಹೊಟ್ಟೆ ತೀವ್ರವಾಗಿ ನೋಯುತ್ತಿದೆಯೆ? ಪದೇ ಪದೇ ವಾಂತಿಯೆ? ಒಸಡು, ಮೂಗಿನಿಂದ ರಕ್ತ, ಕಪ್ಪಾದ ಮಲ, ಹೆಣ್ಣುಮಕ್ಕಳಲ್ಲಿ ಅತಿಯಾದ ಮುಟ್ಟಿನ ಸ್ರಾವ ಇದೆಯೆ? ಕೈಕಾಲು ತಣ್ಣಗೆ, ಅಂಟಂಟಾಗಿ ಇವೆಯೆ? ಆರು ಗಂಟೆಯಾದರೂ ಮೂತ್ರ ಬಂದಿಲ್ಲವೆ? ಎದ್ದರೆ ಕಣ್ಣು ಕತ್ತಲಿಟ್ಟು ಬೀಳುವಂತಾಗುತ್ತದೆಯೆ? ಮಾತಿಗೆ ಮಂಕಾಗಿ ಉತ್ತರಿಸುತ್ತಿದ್ದಾರೆಯೆ, ಅಥವಾ ಕಾರಣವಿಲ್ಲದೆ ಚಡಪಡಿಸುತ್ತಿದ್ದಾರೆಯೆ? ಇವುಗಳಲ್ಲಿ ಒಂದಿದ್ದರೂ ಮೈ ತಣ್ಣಗಿದೆಯೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ಡೆಂಗಿಯ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ನಂಥ ನೋವಿನ ಮಾತ್ರೆಗಳು ಬೇಡ. ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಹೃದಯಕ್ಕೆಂದು ವೈದ್ಯರೇ ಬರೆದುಕೊಟ್ಟ ಆಸ್ಪಿರಿನ್ ದಿನವೂ ನುಂಗುವ ಹಿರಿಯರಾದರೆ ಅವರನ್ನೇ ಕೇಳಿ. ಮಳೆಗಾಲದ ಯಾವ ಜ್ವರ ಡೆಂಗಿ, ಯಾವುದು ಅಲ್ಲ ಎಂದು ಮೊದಲ ದಿನ ಹೇಳಲಾಗದು. ಆದ್ದರಿಂದ ಮನೆಯಲ್ಲಿ ಪ್ಯಾರಾಸಿಟಮಾಲ್ ಒಂದನ್ನೇ ಇಟ್ಟುಕೊಳ್ಳುವುದು ಕ್ಷೇಮ. ಎನ್.ಎಸ್.1 ಎಂಬ ರಕ್ತ ಪರೀಕ್ಷೆ ಮೊದಲ ಐದು ದಿನಗಳಲ್ಲಿ ಉಪಯುಕ್ತ. ಆಮೇಲೆ ಪ್ರತಿಕಾಯಗಳ ಪರೀಕ್ಷೆ ಮಾಡುತ್ತಾರೆ.

ಪ್ಲೇಟ್‌ಲೆಟ್ ಎಣಿಕೆಯ ಬಗ್ಗೆಯೂ ಒಂದು ಮಾತು. ಡೆಂಗಿ ಬಂದ ಮನೆಯಲ್ಲಿ ಡಿಗ್ರಿಯ ಜಾಗವನ್ನು ಈಗ ಪ್ಲೇಟ್‌ಲೆಟ್ ಹಿಡಿದುಕೊಂಡಿದೆ. ‘ಎಷ್ಟಾಯಿತು, 80 ಸಾವಿರವೆ, 60 ಸಾವಿರವೆ?’ ಎಂದು ನೆಂಟರಿಷ್ಟರ ಫೋನು. ಇನ್ನೊಂದು ಕಡೆ ಪಪ್ಪಾಯಿ ಎಲೆಯ ರಸ ಹಿಂಡುವ ಗಡಿಬಿಡಿ. ವೈದ್ಯರು ಪ್ಲೇಟ್‌ಲೆಟ್ ನೋಡುತ್ತಾರೆ, ನಿಜ. ಆದರೆ ಅದರ ಜತೆಗೆ ರಕ್ತ ಎಷ್ಟು ಮಂದವಾಗಿದೆ ಎಂದು ತಿಳಿಸುವ ಹೆಮಟೊಕ್ರಿಟ್, ರಕ್ತದೊತ್ತಡ, ನಾಡಿ, ಮೂತ್ರದ ಪ್ರಮಾಣ ಇವನ್ನೂ ನೋಡುತ್ತಾರೆ. ಎಣಿಕೆ 50 ಸಾವಿರವಿದ್ದೂ ಚೆನ್ನಾಗಿ ಕೂತು ಗಂಜಿ ಕುಡಿಯುವವರಿದ್ದಾರೆ. ಅದಕ್ಕಿಂತ ಹೆಚ್ಚಿದ್ದೂ ಹೊಟ್ಟೆನೋವಿನಿಂದ ಮುದುಡಿ ಮಲಗಿದವರನ್ನು ಮೊದಲು ಆಸ್ಪತ್ರೆಗೆ ಸಾಗಿಸಬೇಕು. ಪಪ್ಪಾಯಿ ರಸದಿಂದ ವಾಂತಿಯಾಗಿ ಇದ್ದ ನೀರೂ ಹೊರಹೋದರೆ ಅದಕ್ಕೆ ಯಾವ ಸಮಾಧಾನವೂ ಇಲ್ಲ.

ಡೆಂಗಿಯಲ್ಲದ ಜ್ವರದಲ್ಲೂ ಕೆಲವು ಸಂದರ್ಭಗಳಲ್ಲಿ ಮೂರು ದಿನ ಕಾಯುವ ಮಾತಿಲ್ಲ. ಕುತ್ತಿಗೆ ಬಗ್ಗಿಸಲಾಗದಂಥ ಬಿಗಿತ ಮತ್ತು ತಲೆನೋವು, ಫಿಟ್ಸ್, ಅರ್ಥವಿಲ್ಲದ ಮಾತು, ಉಸಿರಾಟದ ಕಷ್ಟ, ಎದೆನೋವು, ಕಣ್ಣು ಹಳದಿಯಾಗುವುದು, ಒತ್ತಿದರೂ ಮಾಯವಾಗದ ಕೆಂಪು ಕಲೆಗಳು, ಮಾತ್ರೆಗೂ ಬಗ್ಗದೆ 103 ಮೀರಿ ನಿಂತ ಜ್ವರ, ಇವು ಇದ್ದರೆ ಅದೇ ದಿನ ವೈದ್ಯರ ಬಳಿಗೆ. ಬಸುರಿಯರು, ಸಕ್ಕರೆ ಕಾಯಿಲೆ ಇರುವವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಸ್ಟೀರಾಯ್ಡ್ ಔಷಧ ನುಂಗುವವರು ಮೊದಲ ದಿನವೇ ತೋರಿಸಬೇಕು. ಇಳಿವಯಸ್ಸಿನವರಲ್ಲಿ ಇನ್ನೊಂದು ತೊಡಕು: ಅವರ ಮೈಯ ಗುಂಡಿ ಸರಿಯಾಗಿ ತಿರುಗುವುದೇ ಇಲ್ಲ. ದೊಡ್ಡ ನ್ಯೂಮೋನಿಯಾ ಇದ್ದರೂ 99 ದಾಟದೆ ಇರಬಹುದು. ಅಜ್ಜಿ ದಿನದಂತೆ ಕಾಫಿ ಕೇಳಲಿಲ್ಲ, ಹೆಸರು ಹಿಡಿದು ಕರೆದರೆ ಗುರುತಿಸಲಿಲ್ಲ ಎಂಬುದನ್ನೇ ಜ್ವರವೆಂದು ತಿಳಿಯಬೇಕು.

ಇದನ್ನೆಲ್ಲ ನೆನಪಿನಲ್ಲಿ ಹೊರುವ ಬದಲು ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಜ್ವರ ಶುರುವಾದ ದಿನವನ್ನು ಒಂದನೆಯ ದಿನ ಎಂದು ಬರೆಯಿರಿ. ವೈದ್ಯರು ಮೊದಲು ಕೇಳುವುದು ಇದನ್ನೇ, ಮನೆಯವರು ತಪ್ಪಿ ಹೇಳುವುದೂ ಇದನ್ನೇ. ಅದರ ಕೆಳಗೆ ಗಂಟೆ, ಉಷ್ಣತೆ, ಬಾಯಲ್ಲೋ ಕಂಕುಳಲ್ಲೋ, ಕೊಟ್ಟ ಮಾತ್ರೆಯ ಹೆಸರು ಮತ್ತು ಮಿಲಿಗ್ರಾಂ, ಕುಡಿದದ್ದು ಎಷ್ಟು ಲೋಟ, ಮೂತ್ರಕ್ಕೆ ಹೋದದ್ದು ಯಾವಾಗ ಎಂದು ಗೆರೆ ಹಾಕಿ. ಜ್ವರ ಬಿಟ್ಟ ಗಂಟೆಯನ್ನು ಕೆಂಪು ಶಾಯಿಯಲ್ಲಿ ಬರೆದು, ಅಲ್ಲಿಂದ ಇನ್ನೂ ಎರಡು ದಿನ ಹಾಳೆಯನ್ನು ಮುಂದುವರಿಸಿ. ಆಸ್ಪತ್ರೆಗೆ ಹೋಗುವುದಾದರೆ ಆ ಹಾಳೆಯನ್ನೂ, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನೂ ಜತೆಯಲ್ಲಿ ಒಯ್ಯಿರಿ.